ಮೊದಲ ಟ್ರಿಪ್ಪಿನ ಲೆಕ್ಕ

ಬರ್ಲಿನ್ನಿನ ವಿಮಾನ ನಿಲ್ದಾಣಕ್ಕೆ ಮಧ್ಯರಾತ್ರಿಯಿಂದ ಬೆಳಗಿನ ಜಾವ ಐದರವರೆಗೆ ನಿದ್ದೆ ಕಡ್ಡಾಯ. ಅಂಚೆಯದು, ಸರ್ಕಾರದ್ದು, ತುರ್ತು ಚಿಕಿತ್ಸೆಯದು, ಇಂಥ ಕೆಲವನ್ನು ಬಿಟ್ಟರೆ ಆ ಹೊತ್ತಿನಲ್ಲಿ ಯಾವ ವಿಮಾನವೂ ಏರುವ ಹಾಗಿಲ್ಲ, ಇಳಿಯುವ ಹಾಗಿಲ್ಲ. ಸುತ್ತಮುತ್ತಲ ಊರಿನವರು ಕೋರ್ಟಿನವರೆಗೂ ಹೋಗಿ ಹೋರಾಡಿದ ವಿಷಯ ಅದು. ಐದರಿಂದ ಆರರ ನಡುವೆ ಮಿತಿಯಿಟ್ಟು ಬಿಡುತ್ತಾರೆ. ಆರಾಯಿತೋ, ಒಂದರ ಬಾಲ ಹಿಡಿದು ಇನ್ನೊಂದು.

ಆ ಸಾಲಿನಲ್ಲಿ ಇಟಲಿಯ ಮಿಲಾನಿನ ಹತ್ತಿರದ ಬೆರ್ಗಮೋಗೆ ಹೊರಟ ವಿಮಾನದಲ್ಲಿ, ಕೆಲವು ಶನಿವಾರ, ನಾನಿರುತ್ತೇನೆ. ನನ್ನ ಕೆಲಸ ಬರ್ಲಿನ್ನಿನಲ್ಲಿ, ನಮ್ಮವರದು ಮಿಲಾನಿನಲ್ಲಿ. ಇಬ್ಬರಿಗೂ ಒಂದೇ ಊರಿನಲ್ಲಿ ಕೆಲಸ ಸಿಗುವವರೆಗೆ ಅಂತ ಶುರುವಾದ ಏರ್ಪಾಡು ಈಗ ಸಂಸಾರದ ರೀತಿಯೇ ಆಗಿಬಿಟ್ಟಿದೆ. ಶುಕ್ರವಾರ ಸಂಜೆಯ ಸೀಟಿಗೆ ನೂರೈವತ್ತು ಯೂರೊ ಕೇಳುವ ಕಡೆ ಶನಿವಾರ ಬೆಳಗಿನದಕ್ಕೆ ಮೂವತ್ತು ಚಿಲ್ಲರೆ. ಅದೇ ದೂರ, ಅದೇ ಸೀಟು, ಎಷ್ಟೋ ಸಲ ಅದೇ ವಿಮಾನ. ಲೆಕ್ಕಪತ್ರ ನೋಡುವ ಕೆಲಸ ನನ್ನದು. ಒಂದು ಖರ್ಚು ಕಣ್ಣಿಗೆ ಬೀಳದಿದ್ದರೆ ಅದು ಇನ್ಯಾರದೋ ಖಾತೆಯಲ್ಲಿ ಕೂತಿರುತ್ತದೆ ಅನ್ನುವ ಅನುಮಾನ ಬಿಟ್ಟು ಹೋಗುವುದಿಲ್ಲ. ಆ ಉಳಿದ ಹಣ ಯಾರು ತೆತ್ತರು ಅಂತ ಹುಡುಕುವುದೇ ಈಗ ನನ್ನ ಪ್ರಯಾಣದ ಹವ್ಯಾಸ.

ಮಲೆನಾಡಿನ ಕಡೆಯವರಿಗೆ ಹಾಲ್ಟ್ ಬಸ್ಸು ಗೊತ್ತಿರುತ್ತದೆ. ರಾತ್ರಿ ಕೊನೇ ಟ್ರಿಪ್ಪಿಗೆ ಹಳ್ಳಿಗೆ ಬಂದು, ಅಲ್ಲೇ ಉಳಿದು, ಡ್ರೈವರ್ ಕಂಡಕ್ಟರ್ ಸೀಟಿನ ಮೇಲೋ ಶಾಲೆಯ ಜಗಲಿಯಲ್ಲೋ ಮಲಗಿ, ಬೆಳಗ್ಗೆ ಮೊದಲ ಟ್ರಿಪ್ಪಿಗೆ ಹೊರಡುವ ಬಸ್ಸು. ದೊಡ್ಡಾಸ್ಪತ್ರೆಗೆ ಹೋಗುವವರು, ಕೋರ್ಟಿನಲ್ಲಿ ವಾಯಿದೆ ಇದ್ದವರು, ಕಾಲೇಜಿನ ಮಕ್ಕಳು, ಎಲ್ಲರಿಗೂ ಅದೇ ಗತಿ. ಯೂರೋಪಿನ ಹಳೆಯ ದೊಡ್ಡ ವಿಮಾನ ಕಂಪನಿಗಳದ್ದೂ ಇದೇ ಪದ್ಧತಿ. ಕೊನೆಯ ವಿಮಾನ ಸಣ್ಣ ಊರಿಗೆ ಹೋಗಿ ಉಳಿಯುತ್ತದೆ, ಸಿಬ್ಬಂದಿ ಹೋಟೆಲಿನಲ್ಲಿ ಮಲಗುತ್ತಾರೆ, ಬೆಳಗಾಗುವ ಮೊದಲೇ ಆ ಊರಿನವರನ್ನು ತುಂಬಿಕೊಂಡು ಫ್ರಾಂಕ್‌ಫರ್ಟಿಗೋ ಆಮ್‌ಸ್ಟರ್‌ಡ್ಯಾಮಿಗೋ ತಂದು ದೂರದ ವಿಮಾನಗಳಿಗೆ ದಾಟಿಸುತ್ತಾರೆ. ಅಗ್ಗದ ಕಂಪನಿಗಳು ಇದನ್ನು ತಿರುವಿ ಹಾಕಿದವು. ಅವರ ವಿಮಾನ ಬೆಳಗ್ಗೆ ತನ್ನ ಡಿಪೋದಿಂದಲೇ ಹೊರಡುತ್ತದೆ. ಹೋಗಿ ಬಂದು, ಹೋಗಿ ಬಂದು, ರಾತ್ರಿ ಡಿಪೋಗೇ ವಾಪಸ್ಸು. ಪೈಲಟ್ಟು, ಗಗನಸಖಿಯರು ಅವರವರ ಮನೆಯಲ್ಲೇ ಮಲಗುತ್ತಾರೆ. ಹೋಟೆಲಿನ ಬಿಲ್ಲಿಲ್ಲ.

ಇದೆಲ್ಲ ನಡೆಯಬೇಕಾದರೆ ವಿಮಾನ ನೆಲದ ಮೇಲೆ ಸುಮ್ಮನೆ ನಿಲ್ಲಬಾರದು. ನಿಂತ ವಿಮಾನಕ್ಕೂ ಬಡ್ಡಿ ಓಡುತ್ತದೆ, ಬಾಡಿಗೆ ಓಡುತ್ತದೆ. ಇಳಿದು, ಖಾಲಿಯಾಗಿ, ತುಂಬಿ, ಮತ್ತೆ ಹೊರಡಲು 25 ನಿಮಿಷ ಅನ್ನುವುದು ಐರ್ಲೆಂಡಿನ ಅಗ್ಗದ ಕಂಪನಿ ರಯಾನ್‌ಏರ್ ಹೆಸರುವಾಸಿ ಮಾಡಿದ ಲೆಕ್ಕ. ಅದರ ಬೋಯಿಂಗ್ 737 ವಿಮಾನದ ಸೀಟಿನ ಬೆನ್ನಿಗೆ ಜೇಬಿಲ್ಲ, ಯಾಕೆಂದರೆ ಜೇಬಿದ್ದರೆ ಕಸ ಸೇರುತ್ತದೆ, ಕಸ ತೆಗೆಯಲು ಹೊತ್ತು ಹಿಡಿಯುತ್ತದೆ. ಸುರಕ್ಷತೆಯ ಸೂಚನೆಯನ್ನು ಸೀಟಿಗೇ ಅಂಟಿಸಿದ್ದಾರೆ. ಒರಗಿಕೊಳ್ಳಲು ಸೀಟು ಹಿಂದೆ ಬಾಗುವುದಿಲ್ಲ. 189 ಜನ ಹಿಂದಿನ ಮುಂದಿನ ಎರಡೂ ಬಾಗಿಲಲ್ಲಿ ಮೆಟ್ಟಿಲು ಹತ್ತಿ ತುಂಬಿಕೊಳ್ಳುತ್ತಾರೆ. ಇಷ್ಟು ಬಿಗಿಯಾಗಿ ಹೊಲಿದರೆ ಒಂದು ವಿಮಾನ ದಿನಕ್ಕೆ ಆರು ಟ್ರಿಪ್ಪು ಹೊಡೆಯಬಹುದು, ಆದರೆ ಮೊದಲನೆಯದು ಆರು ಗಂಟೆಗೇ ಹೊರಡಬೇಕು. ನಾನು ಹತ್ತುವ ಹೊತ್ತು ಪ್ರಯಾಣಿಕರಿಗೆ ಅನುಕೂಲ ಅಂತ ಯಾರೂ ಇಟ್ಟದ್ದಲ್ಲ. ವಿಮಾನ ಹೇಗೂ ಹೊರಡಲೇಬೇಕು, ಅದರೊಳಗೆ ಯಾರನ್ನಾದರೂ ಕೂರಿಸಬೇಕು. ಆ ಹೊತ್ತಿಗೆ ಎದ್ದು ಬರುವವರು ಕಡಿಮೆ, ಹಾಗಾಗಿ ಬೆಲೆ ಇಳಿಸಿ ಎಬ್ಬಿಸುತ್ತಾರೆ.

ಎಬ್ಬಿಸಲು ಇವರಿಗೆ ಅನುಮತಿ ಸಿಕ್ಕಿದ್ದೂ ತೀರಾ ಹಳೆಯ ಮಾತಲ್ಲ. ಮೊದಲೆಲ್ಲ ಎರಡು ದೇಶದ ಸರ್ಕಾರಗಳು ಕೂತು, ಯಾವ ಕಂಪನಿ ಯಾವ ಊರಿಗೆ ಎಷ್ಟು ಸಲ ಅಂತ ಒಪ್ಪಂದ ಮಾಡಿಕೊಳ್ಳುತ್ತಿದ್ದವು. ಹೆಚ್ಚಿನ ಕಡೆ ಎರಡೂ ದೇಶದ ಸರ್ಕಾರಿ ಕಂಪನಿಗಳೇ ಹಂಚಿಕೊಂಡು ತಿನ್ನುತ್ತಿದ್ದವು. 1993ರ ಜನವರಿಯಿಂದ ಯೂರೋಪಿನ ಕಂಪನಿ ಯೂರೋಪಿನ ಯಾವ ಎರಡು ದೇಶಗಳ ನಡುವೆಯೂ ಹಾರಬಹುದು, ಬೆಲೆ ತಾನೇ ಇಡಬಹುದು ಅಂತಾಯಿತು. 1997ರಿಂದ ಪರದೇಶದ ಒಳಗಿನ ಊರುಗಳ ನಡುವೆಯೂ ಹಾರಬಹುದು ಅಂತಾಯಿತು. ಬ್ರಿಟನ್ನಿನ ಅಗ್ಗದ ಕಂಪನಿ ಈಜಿಜೆಟ್ 1995ರ ನವೆಂಬರಿನಲ್ಲಿ ಲಂಡನ್ ಪಕ್ಕದ ಲೂಟನ್ನಿನಿಂದ ಸ್ಕಾಟ್ಲೆಂಡಿಗೆ ಹಾರಾಟ ಶುರುಮಾಡಿದಾಗ ವಿಮಾನದ ಮೈಮೇಲೆ ಬುಕಿಂಗಿನ ಫೋನ್ ನಂಬರು ಬರೆಸಿತ್ತು. ಇದೇ ಗಾಳಿ 2003ರಲ್ಲಿ ಬೆಂಗಳೂರಿಗೂ ಬೀಸಿತು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಕಟ್ಟಿ ಒಂದು ರೂಪಾಯಿಯ ಟಿಕೆಟ್ಟೂ ಮಾರಿದರು. ಅದು ನಿಲ್ಲಲಿಲ್ಲ, ಆದರೆ ವಿಮಾನ ಹತ್ತುವವರು ಯಾರು ಅನ್ನುವ ನಮ್ಮ ಜನರ ಅಂದಾಜನ್ನಂತೂ ಬದಲಿಸಿಬಿಟ್ಟಿತು.

ಬರ್ಲಿನ್ನಿನ ಕತೆಯೇ ಬೇರೆ. 1990ರವರೆಗೆ, ಪೂರ್ವ ಜರ್ಮನಿಯ ನಡುವೆ ಸಿಕ್ಕಿಕೊಂಡಿದ್ದ ಪಶ್ಚಿಮ ಬರ್ಲಿನ್ನಿಗೆ ಜರ್ಮನಿಯ ಲುಫ್ತಾನ್ಸಾ ಹಾರುವಂತಿರಲಿಲ್ಲ. ಯುದ್ಧ ಗೆದ್ದ ಅಮೆರಿಕ, ಬ್ರಿಟನ್, ಫ್ರಾನ್ಸ್ ದೇಶಗಳ ಕಂಪನಿಗಳು ಮಾತ್ರ, ಅವೂ ಪೂರ್ವ ಜರ್ಮನಿಯ ಮೇಲೆ ಗೆರೆ ಎಳೆದಿಟ್ಟ ಮೂರು ಓಣಿಗಳಲ್ಲಿ ಮಾತ್ರ. ಈಗಿನ ನಿಲ್ದಾಣ 2020ರ ಅಕ್ಟೋಬರಿನಲ್ಲಿ, ಒಂಬತ್ತು ವರ್ಷ ತಡವಾಗಿ ತೆರೆಯಿತು. ಅದರ ಎರಡು ರನ್‌ವೇಗಳಲ್ಲಿ ಉತ್ತರದ್ದು ಹಳೆಯ ಷೋನೆಫೆಲ್ಡ್ ನಿಲ್ದಾಣದ್ದು, ಪೂರ್ವ ಜರ್ಮನಿಯ ಇಂಟರ್‌ಫ್ಲುಗ್ ವಿಮಾನಗಳು ಓಡಿದ್ದು. ಒಂದು ಕಾಲಕ್ಕೆ ಯಾರನ್ನು ಹೊರಗೆ ಬಿಡಬೇಕು ಅಂತ ಎಣಿಸಿ ಎಣಿಸಿ ಬಿಡುತ್ತಿದ್ದ ದೇಶದ ಕಾಂಕ್ರೀಟಿನ ಮೇಲೆ ಈಗ ನಾವು ಮೂವತ್ತು ಯೂರೊ ಕೊಟ್ಟು ಆಕಳಿಸುತ್ತಾ ಓಡುತ್ತೇವೆ.

ಮನೆಯಿಂದ ಹೊರಡುವುದು ಮೂರೂವರೆ ದಾಟಿದ ಮೇಲೆ. ಶುಕ್ರವಾರ ಶನಿವಾರ ರಾತ್ರಿ ಇಲ್ಲಿಯ ಮೆಟ್ರೊ ಬೆಳಗಿನವರೆಗೂ ಓಡುತ್ತದೆ. ಯು7 ಹಿಡಿದು ಕೊನೇ ನಿಲ್ದಾಣ ರೂಡೋ, ಅಲ್ಲಿಂದ ಬಸ್ಸು. ಆ ಗಾಡಿಯಲ್ಲಿ ಎರಡು ಜಾತಿಯ ಜನ. ಒಂದು, ಶುಕ್ರವಾರ ಇನ್ನೂ ಮುಗಿಯದವರು: ಕಪ್ಪು ಬಟ್ಟೆ, ಮುಖದ ಮೇಲೆ ಮಿನುಗುಪುಡಿ, ಒಳಗೆ ಯಾರೂ ಫೋಟೊ ತೆಗೆಯದಿರಲಿ ಅಂತ ಕ್ಲಬ್ಬಿನವರು ಫೋನಿನ ಕ್ಯಾಮೆರಾಕ್ಕೆ ಅಂಟಿಸಿದ ಬಣ್ಣದ ಸ್ಟಿಕರು ಹಾಗೇ ಉಳಿದಿರುತ್ತದೆ. ಇನ್ನೊಂದು, ಶನಿವಾರ ಆಗಲೇ ಶುರುವಾದವರು: ಜಾಕೆಟ್ಟಿನ ಕೆಳಗೆ ನಿಲ್ದಾಣದ ಸಮವಸ್ತ್ರ, ಕೊರಳಲ್ಲಿ ಐಡಿ ಕಾರ್ಡು, ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದವರು. ಟರ್ಕಿ, ಪೋಲೆಂಡ್, ಸಿರಿಯಾ, ವಿಯೆಟ್ನಾಮ್, ಮಾತು ಕೇಳಿದರೆ ಅರ್ಧ ಭೂಗೋಳ. ನನ್ನ ಬೆಳಗಿನ ಆರರ ವಿಮಾನ ಅವರ ಮೂರರ ಅಲಾರ್ಮ್. ಅವರು ಎದ್ದು ಬಂದು ಸ್ಕ್ಯಾನರು ಹಚ್ಚದಿದ್ದರೆ, ಕಾಫಿ ಯಂತ್ರ ಬಿಸಿ ಮಾಡದಿದ್ದರೆ, ವಿಮಾನದ ಹೊಟ್ಟೆಯೊಳಗೆ ಸೂಟ್‌ಕೇಸು ತುಂಬದಿದ್ದರೆ ಯಾವ ಬೆಲೆಗೂ ವಿಮಾನ ಏಳುವುದಿಲ್ಲ. ಖಾತೆಯ ಮೊದಲ ಸಾಲು ಅಲ್ಲಿ ಸಿಕ್ಕಿತು ನನಗೆ.

ರೂಡೋದಲ್ಲಿ ಬಸ್ಸಿಗೆ ಕಾಯುವಾಗ ಅಮ್ಮನಿಗೆ ಫೋನು. ಇಲ್ಲಿ ನಾಲ್ಕು ಅಂದರೆ ಬೇಸಿಗೆಯಲ್ಲಿ ಅಲ್ಲಿ ಏಳೂವರೆ, ಚಳಿಗಾಲದಲ್ಲಿ ಎಂಟೂವರೆ. ಉಳಿದ ದಿನಗಳಲ್ಲಿ ನಾನು ಆಫೀಸು ಬಿಡುವಷ್ಟರಲ್ಲಿ ಅಮ್ಮನಿಗೆ ಮಲಗುವ ಹೊತ್ತಾಗಿರುತ್ತದೆ.

“ಯಾವಾಗ ಎದ್ದೆ ಮಾರಾಯ್ತಿ?”

“ಮೂರಕ್ಕೆ.”

“ಮೂರಕ್ಕಾ! ಹಬ್ಬದ ದಿನವೂ ಎಂಟರ ಮೊದಲು ಎದ್ದವಳಲ್ಲ ನೀನು. ಗಂಡನ ಮನೆಗೆ ಹೋಗೋದಕ್ಕೆ ಇಷ್ಟು ಕಷ್ಟ ಇಟ್ಟಿದ್ದಾರಾ ಆ ದೇಶದಲ್ಲಿ?”

ಸೆಕ್ಯುರಿಟಿಯಲ್ಲಿ ನನ್ನ ತಲೆನೋವು ಉಪ್ಪಿನಕಾಯಿ. 2006ರ ಆಗಸ್ಟಿನಲ್ಲಿ ಲಂಡನ್ನಿನಿಂದ ಹೊರಡುವ ವಿಮಾನಗಳಲ್ಲಿ ದ್ರವ ರೂಪದ ಸ್ಫೋಟಕ ಸಿಡಿಸುವ ಸಂಚು ಬಯಲಾಯಿತು, ಆ ನವೆಂಬರಿನಿಂದ ಯೂರೋಪಿನಾದ್ಯಂತ, ಕೈಚೀಲದಲ್ಲಿ ಒಂದೊಂದು ಡಬ್ಬಿಗೆ 100 ಮಿ.ಲೀ. ದ್ರವ ಮಾತ್ರ ಅನ್ನುವ ನಿಯಮ. ಹೊಸ ಸಿ.ಟಿ. ಸ್ಕ್ಯಾನರು ಬಂದ ಕೆಲವು ಕಡೆ ಈಗ ಸಡಿಲಾಗುತ್ತಿದೆ, ಆದರೆ ಅದನ್ನು ನಂಬಿ ಅಮ್ಮ ಕಳಿಸಿದ ಅಪ್ಪೆಮಿಡಿಯನ್ನು ಪಣಕ್ಕಿಡುವ ಧೈರ್ಯ ನನಗಿಲ್ಲ. ಮಿಡಿ ಘನ, ರಸ ದ್ರವ, ಎರಡೂ ಸೇರಿದ್ದು ಯಂತ್ರದ ಲೆಕ್ಕದಲ್ಲಿ ದ್ರವವೇ. ಹಾಗಾಗಿ ಶಾಂಪೂ ಮಾರುವ ಅಂಗಡಿಯಿಂದ ತಂದ ಪುಟ್ಟ ಡಬ್ಬಿಯಲ್ಲಿ ನಾಲ್ಕೋ ಐದೋ ಮಿಡಿ. ಚಟ್ನಿಪುಡಿಗೆ ತಕರಾರಿಲ್ಲ. ಇಷ್ಟನ್ನೂ ಲ್ಯಾಪ್‌ಟಾಪನ್ನೂ ಎರಡು ಜೊತೆ ಬಟ್ಟೆಯನ್ನೂ ಮುಂದಿನ ಸೀಟಿನ ಕೆಳಗೆ ತೂರುವ ಚೀಲದಲ್ಲಿ ತುಂಬಬೇಕು. ಅಳತೆ ಮೀರಿದರೆ ಟಿಕೆಟ್ಟಿಗಿಂತ ಚೀಲದ ದಂಡವೇ ದುಬಾರಿಯಾಗಬಹುದು.

ಒಂದು ಮಾತು ಈ ಹೊತ್ತಿನ ಪರವಾಗಿ ಹೇಳಲೇಬೇಕು. ಸ್ನೇಹಿತರು ಇದನ್ನು ಜಿಪುಣತನ ಅನ್ನುತ್ತಾರೆ, ಆದರೆ ದಿನದಲ್ಲಿ ನೆಚ್ಚಿಕೊಳ್ಳಬಹುದಾದ ವಿಮಾನ ಇದೇ. ಯೂರೋಪಿನ ವಿಮಾನಗಳ ತಡದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಹಿಂದಿನ ಟ್ರಿಪ್ಪಿನಿಂದ ಬಳುವಳಿಯಾಗಿ ಬಂದದ್ದು. ಬೆಳಗ್ಗೆ ಹತ್ತು ನಿಮಿಷ ಜಾರಿದರೆ ಸಂಜೆಯ ಹೊತ್ತಿಗೆ ಅದು ಒಂದು ಗಂಟೆಯಾಗಿ ಬೆಳೆದಿರಬಹುದು. ಮೊದಲ ಟ್ರಿಪ್ಪಿಗೆ ಹಿಂದಿನದು ಎಂಬುದೇ ಇಲ್ಲ. ವಿಮಾನ ರಾತ್ರಿಯಿಂದ ಅಲ್ಲೇ ನಿಂತಿದೆ, ಸಿಬ್ಬಂದಿ ಮಲಗಿ ಎದ್ದು ಬಂದಿದ್ದಾರೆ. ಚಳಿಗಾಲದಲ್ಲಿ ರೆಕ್ಕೆಯ ಮೇಲೆ ಕೂತ ಹಿಮ ಕರಗಿಸಲು ಗ್ಲೈಕಾಲು ಸಿಂಪಡಿಸುವ ಸರದಿ ಒಂದೇ ಭಯ. ಹೀಗಿದ್ದೂ ಮೂರು ಗಂಟೆಗಿಂತ ತಡವಾಗಿ, ತಪ್ಪು ಕಂಪನಿಯದಾದರೆ, 1500 ಕಿ.ಮೀ. ಒಳಗಿನ ಪ್ರಯಾಣಕ್ಕೆ 250 ಯೂರೊ ಪರಿಹಾರ. 2005ರಿಂದ ಜಾರಿಯಲ್ಲಿರುವ ಯೂರೋಪಿನ ನಿಯಮ, ತಡಕ್ಕೂ ಅದು ಅನ್ವಯ ಅಂತ ಅಲ್ಲಿಯ ನ್ಯಾಯಾಲಯ 2009ರಲ್ಲಿ ಹೇಳಿತು. ಮೂವತ್ತು ಯೂರೊ ಟಿಕೆಟ್ಟಿಗೆ ಇನ್ನೂರೈವತ್ತು! ವಿಮಾನ ಕೆಡಲಿ ಅಂತ ಹರಕೆ ಹೊರುವ ಸಹೋದ್ಯೋಗಿಯೊಬ್ಬ ನಮ್ಮ ಆಫೀಸಿನಲ್ಲಿದ್ದಾನೆ.

ಒಳಗೆ ಹತ್ತುವ ಹೊತ್ತಿಗೆ ಬಾಗಿಲಲ್ಲಿ ನಿಂತ ಗಗನಸಖಿಯರ ತುಟಿಯ ಬಣ್ಣ ಅಚ್ಚುಕಟ್ಟಾಗಿರುತ್ತದೆ. ಅವರು ಹೊರಡುವುದಕ್ಕೆ ಸುಮಾರು ಒಂದು ಗಂಟೆ ಮೊದಲೇ ಹಾಜರಿ ಹಾಕಿರುತ್ತಾರೆ. ಹಲವು ಕಂಪನಿಗಳಲ್ಲಿ ಅವರ ಸಂಬಳದ ದೊಡ್ಡ ಪಾಲು ಹಾರಾಟದ ಗಂಟೆಗಳ ಮೇಲೆ ನಿಂತಿರುತ್ತದೆ, ಆ ಮೊದಲ ಗಂಟೆಗೆ ಅಷ್ಟಾಗಿ ಬೆಲೆಯಿಲ್ಲ. ಇದು ಎರಡನೇ ಸಾಲು.

ಬರ್ಲಿನ್ನಿನಿಂದ ದಕ್ಷಿಣಕ್ಕೆ ಹೋಗುವಾಗ ಸೂರ್ಯ ಹುಟ್ಟುವುದನ್ನು ನೋಡಬೇಕಾದರೆ ಎಡಗಡೆಯ ಎ ಸೀಟು. ಬೆಳಕು ಬಿದ್ದ ಬೆಟ್ಟ ನೋಡಬೇಕಾದರೆ ಬಲಗಡೆಯ ಎಫ್. ದುಡ್ಡು ಕೊಡದವರಿಗೆ ಕಂಪ್ಯೂಟರು ಕರುಣಿಸುವುದು ನಡುವಿನ 24ಇ. ಕಳೆದ ಅಕ್ಟೋಬರಿನಲ್ಲಿ ಅಲ್ಲಿ ಕೂತಿದ್ದೆ. ಎಫ್‌ನಲ್ಲಿ ಇಟಲಿಯ ಬ್ರೆಷಾ ಕಡೆಯ ಒಬ್ಬ ಅಜ್ಜಿ. ಬರ್ಲಿನ್ನಿನಲ್ಲಿ ಮಗಳಿದ್ದಾಳೆ, ಅವಳ ಮಗುವನ್ನು ನೋಡಿಕೊಳ್ಳಲು ತಿಂಗಳಲ್ಲಿ ಅರ್ಧ ಇಲ್ಲಿ, ಅರ್ಧ ಅಲ್ಲಿ. ಅಲ್ಲಿರುವ ಅಜ್ಜನಿಗೆ ಅಡುಗೆ ಬರುವುದಿಲ್ಲವಂತೆ. ನನ್ನ ಹರುಕು ಮುರುಕು ಇಟಾಲಿಯನ್ನಿಗೆ ಆಕೆ ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ ಹೇಳಿದರು.

ಕೇಳುತ್ತಾ ನನಗೆ ನಮ್ಮಮ್ಮಂದಿರ ನೆನಪು. ಬಾಣಂತನಕ್ಕೆ ಅಂತ ಬರುವ ಕನ್ನಡದ ಅಮ್ಮಂದಿರಿಗೆ ಷೆಂಗೆನ್ ವೀಸಾ (ಯೂರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವುದು) ಬೇಕು, ವಿಮೆ ಬೇಕು, ಬ್ಯಾಂಕಿನ ಹಾಳೆಗಳು ಬೇಕು, ಮಗಳ ಆಹ್ವಾನ ಪತ್ರ ಬೇಕು. ಆಮೇಲೂ 180 ದಿನದಲ್ಲಿ 90 ದಿನ ಅಷ್ಟೇ. ಮಗು ಕತ್ತು ನಿಲ್ಲಿಸುವ ಹೊತ್ತಿಗೆ ಅಜ್ಜಿ ವಾಪಸ್ಸು ಹೊರಡಬೇಕು. ಈ ಅಜ್ಜಿಗೋ ಬೇಕಾದ್ದು ಗುರುತಿನ ಚೀಟಿ ಮತ್ತು ಮೂರು ಗಂಟೆಗೆ ಏಳುವ ಗಟ್ಟಿತನ, ಅಷ್ಟೆ. ನನಗೇ ಪಾಸ್‌ಪೋರ್ಟು, ನಿವಾಸದ ಕಾರ್ಡು ಎರಡೂ ಚೀಲದ ಮೇಲಿನ ಜೇಬಿನಲ್ಲಿರಬೇಕು. ಷೆಂಗೆನ್ ಒಳಗಿನ ಪ್ರಯಾಣಕ್ಕೆ ಗಡಿ ತಪಾಸಣೆ ಇಲ್ಲ, ನಿಜ. ಆದರೂ ಇಳಿದು ಹೊರಗೆ ಹೋಗುವ ನೂರೆಂಬತ್ತು ಜನರಲ್ಲಿ ಯಾರನ್ನಾದರೂ ಸುಮ್ಮನೆ ನಿಲ್ಲಿಸಿ ಕೇಳಬೇಕು ಅನಿಸಿದಾಗ ಸಮವಸ್ತ್ರದವರ ಕಣ್ಣು ನಿಲ್ಲುವ ಮೈಬಣ್ಣ ಯಾವುದು ಅಂತ ಇಲ್ಲಿರುವ ನಮ್ಮವರನ್ನು ಕೇಳಿ ನೋಡಿ.

ಬವೇರಿಯ ದಾಟುವವರೆಗೆ ಹೊರಗೆ ಕಪ್ಪು. ಮೂವತ್ತಾರು ಸಾವಿರ ಅಡಿಯ ಮೇಲೆ ದಿಗಂತ ಕೆಳಗೆ ಜಾರಿರುತ್ತದೆ, ಹಾಗಾಗಿ ನೆಲದಲ್ಲಿರುವವರಿಗಿಂತ ಸುಮಾರು ಇಪ್ಪತ್ತು ನಿಮಿಷ ಮೊದಲೇ ನಮಗೆ ಬೆಳಗು. ಅಜ್ಜಿ ತಾವಾಗಿಯೇ ಹಿಂದಕ್ಕೆ ಒರಗಿ ಕಿಟಕಿ ಬಿಟ್ಟುಕೊಟ್ಟರು. ಆಲ್ಪ್ಸ್ ಮೊದಲು ಬೂದಿಯ ಬಣ್ಣದಲ್ಲಿ ಎದ್ದಿತು. ಆಮೇಲೆ ಎತ್ತರದ ಒಂದು ಶಿಖರಕ್ಕೆ ಕುಂಕುಮದ ಬೊಟ್ಟು, ಪಕ್ಕದ್ದಕ್ಕೆ, ಅದರಾಚೆಯದಕ್ಕೆ. ನೋಡುತ್ತಿದ್ದ ಹಾಗೆ ಪಶ್ಚಿಮದವರೆಗೆ ಸಾಲಿಗೆ ಸಾಲೇ ಕೆಂಪಾಯಿತು. ಕಣಿವೆಗಳಲ್ಲಿ ಮಾತ್ರ ರಾತ್ರಿ ಹಾಗೇ ನಿಂತಿತ್ತು, ಊರುಗಳ ದೀಪ ಇನ್ನೂ ಉರಿಯುತ್ತಿದ್ದವು. ಆ ದೀಪದ ಕೆಳಗಿದ್ದವರಿಗೆ ಸೂರ್ಯ ಬರಲು ಇನ್ನೂ ಗಂಟೆಗಟ್ಟಲೆ ಇರಬಹುದು, ನಡುವೆ ಬೆಟ್ಟ ಅಡ್ಡ. ವಿಮಾನದಲ್ಲಿ ಮುಕ್ಕಾಲು ಪಾಲು ಜನ ಬಾಯಿ ತೆರೆದು ಮಲಗಿದ್ದರು. ಲಾಟರಿ ಟಿಕೆಟ್ಟು, ಸುಗಂಧದ ಬಾಟಲಿ ಮಾರುವ ಗಾಡಿ ಅವರ ಮೊಣಕೈ ಸವರಿಕೊಂಡು ಹೋಯಿತು. ಇಷ್ಟು ಚೆಂದದ್ದನ್ನು ಇಷ್ಟು ಜನ ನಿದ್ದೆಯಲ್ಲೇ ದಾಟಿ ಹೋಗುವ ಇನ್ನೊಂದು ಜಾಗ ನಾನು ಕಂಡಿಲ್ಲ.

ಗಾರ್ಡಾ ಸರೋವರದ ಕಡೆಯಿಂದ ಪಶ್ಚಿಮಕ್ಕೆ ತಿರುಗಿ ಇಳಿದರೆ ಬೆರ್ಗಮೋದ ನಿಲ್ದಾಣ, ಓರಿಯೊ ಅಲ್ ಸೆರಿಯೊ. ನಿಲ್ದಾಣಕ್ಕೆ ಚಿತ್ರಕಾರ ಕಾರವಾಜ್ಜೊನ ಹೆಸರು, ಟಿಕೆಟ್ಟಿನಲ್ಲಿ ಮಿಲಾನಿನ ಹೆಸರು. ಮಿಲಾನು ಇನ್ನೂ 45 ಕಿ.ಮೀ. ಇದು ವಾಸಿ. ಫ್ರಾಂಕ್‌ಫರ್ಟ್-ಹಾನ್ ಅಂತ ಕರೆಯುವ ನಿಲ್ದಾಣ ಫ್ರಾಂಕ್‌ಫರ್ಟಿನಿಂದ 120 ಕಿ.ಮೀ. ಆಚೆಗಿದೆ, ಮೊದಲು ಅಮೆರಿಕದ ವಾಯುನೆಲೆಯಾಗಿತ್ತು. ಊರಿನ ಹೆಸರು ಹೇಳಿ ಊರಾಚೆ ಇಳಿಸುವುದೂ ಅಗ್ಗದ ಗುಟ್ಟುಗಳಲ್ಲೊಂದು. ನವೆಂಬರಿನಿಂದ ಫೆಬ್ರವರಿವರೆಗೆ ಪೋ ನದಿಯ ಬಯಲಿನಲ್ಲಿ ಮಂಜು ಕವಿದು, ನೆಲ ಕಾಣುವ ಮೊದಲೇ ಗಾಲಿ ತಾಗಿದ ದಿನಗಳೂ ಉಂಟು.

ಬಸ್ಸಿನಲ್ಲಿ ಮಿಲಾನ್ ಸೆಂಟ್ರಾಲೆ, ಅಲ್ಲಿಂದ ಮೆಟ್ರೊ. ನಮ್ಮವರ ಬಾಗಿಲು ತಟ್ಟುವಾಗ ಒಂಬತ್ತೂಮುಕ್ಕಾಲು. ಹಾರಿದ್ದು ಒಂದೂವರೆ ಗಂಟೆ ಚಿಲ್ಲರೆ, ಹಿಡಿದದ್ದು ಆರು ಗಂಟೆ. ಕಾಫಿ ಕುಡಿದು “ಐದು ನಿಮಿಷ” ಅಂತ ಸೋಫಾದ ಮೇಲೆ ಒರಗಿದರೆ ಏಳುವುದು ಮಧ್ಯಾಹ್ನ ಎರಡಕ್ಕೆ.

“ನೂರಿಪ್ಪತ್ತು ಯೂರೊ ಉಳಿಸಿದೆ ಅಂತೀಯಲ್ಲ, ಅದು ಇಲ್ಲೇ ಗೊರಕೆ ಹೊಡೀತಿತ್ತು ನೋಡು” ಅಂತ ಅವರು ತಟ್ಟೆ ಹಾಕುತ್ತಾ ಹೇಳಿದಾಗ ಖಾತೆಗೆ ಮೂರನೇ ಸಾಲು ಸಿಕ್ಕಿತು.

ನಾಲ್ಕನೆಯದರ ಮೇಲೆ ನಮ್ಮಿಬ್ಬರಿಗೂ ಜಗಳ. ವಿಮಾನದ ಇಂಧನ ಸೀಮೆಎಣ್ಣೆಯ ಜಾತಿಯದೇ. ಕಾರಿಗೆ ಹಾಕುವ ಪೆಟ್ರೋಲಿಗೆ ಇಲ್ಲಿ ಲೀಟರಿಗಿಷ್ಟು ಅಂತ ಭರ್ತಿ ತೆರಿಗೆ, ದೇಶದಿಂದ ದೇಶಕ್ಕೆ ಹಾರುವ ವಿಮಾನದ ಇಂಧನಕ್ಕೆ ಇಲ್ಲ. 2003ರ ಯೂರೋಪಿನ ಇಂಧನ ತೆರಿಗೆ ನಿರ್ದೇಶನವೇ ಅದಕ್ಕೆ ವಿನಾಯಿತಿ ಕೊಟ್ಟಿದೆ. ಬರ್ಲಿನ್ನಿನಿಂದ ಮಿಲಾನಿಗೆ ರೈಲಿದೆ, ಸ್ವಿಟ್ಜರ್ಲೆಂಡಿನ ಮೂಲಕ, ಗಾಡಿ ಬದಲಿಸುತ್ತಾ ಹನ್ನೆರಡು ಗಂಟೆಯ ಆಸುಪಾಸು. ಎರಡು ದಿನದ ರಜೆಯಲ್ಲಿ ಹೋಗಿ ಬರುವುದು ರೈಲಿನಲ್ಲೇ ಮುಗಿದುಹೋಗುತ್ತದೆ, ಬೆಲೆಯೂ ಹೆಚ್ಚು. ನಮ್ಮವರು ಹೇಳುವುದು, ವಿಮಾನಕ್ಕೆ ಸರಿಯಾಗಿ ತೆರಿಗೆ ಹಾಕಲಿ, ಆಗ ರೈಲು ತಾನಾಗಿ ಸುಧಾರಿಸುತ್ತದೆ. ಫ್ರಾನ್ಸಿನಲ್ಲಿ ರೈಲಿನಲ್ಲಿ ಎರಡೂವರೆ ಗಂಟೆಯೊಳಗೆ ಮುಟ್ಟಬಹುದಾದ ಕೆಲವು ಒಳನಾಡಿನ ವಿಮಾನಗಳನ್ನು 2023ರಲ್ಲಿ ನಿಲ್ಲಿಸಿಯೇ ಬಿಟ್ಟರಲ್ಲ ಅಂತ ಅವರ ವಾದ. ಇಂಗಾಲ ಹೊರಬಿಡಲು ಬೇಕಾದ ಪರವಾನಗಿಗಳನ್ನು ವಿಮಾನ ಕಂಪನಿಗಳಿಗೆ ಪುಕ್ಕಟೆ ಹಂಚುವುದು 2026ಕ್ಕೆ ನಿಂತಿದೆ, ಅದು ಇಂದಲ್ಲ ನಾಳೆ ಟಿಕೆಟ್ಟಿಗೆ ಬಂದು ಕೂರುತ್ತದೆ ಅಂತಲೂ ಅವರೇ ಹೇಳುವುದು.

ಬರಲಿ, ನನ್ನ ಅಡ್ಡಿ ಇಲ್ಲ. ಆದರೆ ಎಲ್ಲ ಟಿಕೆಟ್ಟಿಗೂ ಅಷ್ಟೇ ಮೊತ್ತ ಏರಿದರೆ ಶುಕ್ರವಾರ ಸಂಜೆಯವರಿಗೆ ಅದು ಚಿಲ್ಲರೆ, ಶನಿವಾರ ಬೆಳಗಿನವರಿಗೆ ಟಿಕೆಟ್ಟೇ ಎರಡರಷ್ಟು. ಸಂಬಳ ಬರುವ ನಾವಿಬ್ಬರು ಹೇಗೋ ಸಂಭಾಳಿಸುತ್ತೇವೆ. ಬ್ರೆಷಾದ ಅಜ್ಜಿ ತಿಂಗಳಿಗೆ ಎರಡು ಸಲ ಅಡ್ಡಾಡುವುದನ್ನು ಎರಡು ತಿಂಗಳಿಗೊಮ್ಮೆ ಮಾಡಿಕೊಳ್ಳುತ್ತಾರೆ, ಬರ್ಲಿನ್ನಿನ ಮಗಳು ಮಗುವನ್ನು ಬಿಡಲು ಬೇರೆ ಯಾರನ್ನೋ ಹುಡುಕುತ್ತಾಳೆ. ಇದನ್ನು ಹೇಳಿದಾಗ ಅವರು “ಹಾಗಾದರೆ ಪದೇ ಪದೇ ಹಾರುವವರಿಗೆ ಹೆಚ್ಚು ಹಾಕಲಿ” ಅಂದರು. ಆ ಅಜ್ಜಿಯೇ ಪದೇ ಪದೇ ಹಾರುವವರು ಅಂದೆ ನಾನು. ಅವರ ಹತ್ತಿರ ಉತ್ತರವಿರಲಿಲ್ಲ. ನನ್ನ ಹತ್ತಿರವೂ ಇಲ್ಲ. ಅಪ್ಪೆಮಿಡಿ ಡಬ್ಬಿ ಅಷ್ಟರಲ್ಲಿ ಖಾಲಿಯಾಗಿತ್ತು, ಮುಂದಿನ ಸಲ ಎರಡು ಡಬ್ಬಿ ತಾ ಅಂದರು.